ಅಲೆಯ ಸರದಿ

ಲಾಸ್ ಏಂಜಲೀಸ್ ನಗರದ ಗದ್ದಲವನ್ನು ಹಿಂದೆ ಬಿಟ್ಟು ತೆಂಕಣ ದಿಕ್ಕಿಗೆ ಒಂದು ಗಂಟೆಯ ಮೋಟಾರು ಪ್ರಯಾಣ ಮಾಡಿದರೆ ಹಂಟಿಂಗ್‌ಟನ್ ಬೀಚ್ ಎಂಬ ಊರು ಸಿಕ್ಕುತ್ತದೆ. ಸುಮಾರು 2 ಲಕ್ಷ ಜನಸಂಖ್ಯೆಯ ಪಟ್ಟಣ. ಎದುರಿಗೆ ಮೈಲಿಗಟ್ಟಲೆ ಚಾಚಿದ ಮರಳ ದಂಡೆ, ಅದರಾಚೆ ಶಾಂತಸಾಗರ. ಊರಿನ ಮುಖ್ಯ ಬೀದಿ ನೇರವಾಗಿ ಕಡಲಿಗೆ ಇಳಿದು ಬರುತ್ತದೆ. ಇತರ ಊರುಗಳಲ್ಲಿಯಾದರೆ ನೀರು ಕಂಡ ಬೀದಿ ಅಲ್ಲಿಯೇ ನಿಲ್ಲುತ್ತದೆ. ಇಲ್ಲಿಯ ಬೀದಿಗೆ ನಿಲ್ಲುವ ಮನಸ್ಸಿಲ್ಲ. ಹೆದ್ದಾರಿಯನ್ನು ದಾಟಿ, ಮರಳನ್ನು ದಾಟಿ, ಕಾಂಕ್ರೀಟಿನ ಕಂಬಗಳ ಮೇಲೆ 1,850 ಅಡಿ ದೂರ ಸಮುದ್ರದೊಳಕ್ಕೆ ನಡೆದುಹೋಗಿದೆ. ಅಲ್ಲಿಯವರು ಅದನ್ನು ಪಿಯರ್ ಎನ್ನುತ್ತಾರೆ. ದಡದಿಂದ ಹೊರಟು ಎಲ್ಲಿಗೂ ಮುಟ್ಟದ ಸೇತುವೆ ಎಂದರೆ ಹೆಚ್ಚು ಸರಿಯಾದೀತು. ಶ್ರೀರಾಮನ ಸೇತುವೆಗೆ ಲಂಕೆಯೆಂಬ ಗುರಿಯಿತ್ತು. ಈ ಸೇತುವೆಗೆ ಅಂತಹ ಉದ್ದೇಶವೇನೂ ಇಲ್ಲ. ಜನ ತುದಿಯವರೆಗೆ ಹೋಗುತ್ತಾರೆ, ಗಾಳಿ ಕುಡಿಯುತ್ತಾರೆ, ಹಿಂದಿರುಗುತ್ತಾರೆ.

ಈ ಕಡಲತಡಿಯನ್ನು ನೋಡಬೇಕೆನ್ನುವವರು ನಸುಕಿನಲ್ಲಿಯೇ ಎದ್ದು ಬರುವುದು ಲೇಸು. ಜೂನ್ ತಿಂಗಳ ಬೆಳಗುಗಳಲ್ಲಿ ನೀರಿನ ಮೇಲೆ ಬೂದುಬಣ್ಣದ ಮೋಡ ತಗ್ಗಿ ಕವಿದುಕೊಂಡಿರುತ್ತದೆ. ಆ ಮಬ್ಬಿನಲ್ಲಿ ಬರಿಗಾಲಿನ ಜನ ಒಬ್ಬೊಬ್ಬರಾಗಿ ಹೆದ್ದಾರಿಯನ್ನು ದಾಟುತ್ತಾರೆ. ಮೈಗೆ ಅಂಟಿದ ಕರಿಯ ರಬ್ಬರಿನ ಉಡುಪು, ಕಂಕುಳಲ್ಲಿ ಆಳೆತ್ತರಕ್ಕೂ ಮೀರಿದ ಹಲಗೆ. ಕೆಲವರು ಬೈಸಿಕಲ್ಲಿನ ಪಕ್ಕಕ್ಕೆ ಹಲಗೆಯನ್ನು ಸಿಕ್ಕಿಸಿಕೊಂಡು ಬರುವುದೂ ಉಂಟು. ಎಂಟು ಗಂಟೆಗೆ ಕಚೇರಿಯಲ್ಲಿ ಕುಳಿತಿರಬೇಕಾದ ಗುಮಾಸ್ತ, ಶಾಲೆಗೆ ಹೋಗಬೇಕಾದ ಹುಡುಗಿ, ಕೆಲಸದಿಂದ ನಿವೃತ್ತನಾಗಿ ತಲೆ ನರೆತ ಮುದುಕ, ಎಲ್ಲರೂ ಆ ಕರಿಯ ಉಡುಪಿನಲ್ಲಿ ಒಂದೇ ಜಾತಿಯ ನೀರುಪ್ರಾಣಿಗಳಂತೆ ತೋರುತ್ತಾರೆ. ಪಿಯರಿನ ಮೇಲೆ ಆಗಲೇ ಗಾಳ ಹಾಕಿ ನಿಂತವರ ಸಾಲು. ಸಾರ್ವಜನಿಕ ಪಿಯರಿನಿಂದ ಮೀನು ಹಿಡಿಯುವುದಕ್ಕೆ ಕ್ಯಾಲಿಫೋರ್ನಿಯಾದ ಸರ್ಕಾರ ಪರವಾನಗಿಯನ್ನು ಕೇಳುವುದಿಲ್ಲ; ಆದುದರಿಂದ ಬಡವನ ಗಾಳಕ್ಕೂ ಅಲ್ಲಿ ಎಡೆಯುಂಟು.

ಹೊಸಬನಿಗೆ ಮೊದಲು ಅಚ್ಚರಿಯನ್ನುಂಟುಮಾಡುವ ಸಂಗತಿಯೆಂದರೆ, ಈ ಆಟಗಾರರು ಹೆಚ್ಚಿನ ಹೊತ್ತು ಆಡುವುದೇ ಇಲ್ಲ. ದಡದಿಂದ ನೂರು ಗಜ ಆಚೆ, ಹಲಗೆಯ ಮೇಲೆ ಕುದುರೆಯೇರಿದಂತೆ ಕುಳಿತು, ದಡಕ್ಕೆ ಬೆನ್ನು ತಿರುಗಿಸಿ, ದಿಗಂತವನ್ನು ದಿಟ್ಟಿಸುತ್ತಿರುತ್ತಾರೆ. ಹತ್ತು ನಿಮಿಷ, ಹದಿನೈದು ನಿಮಿಷ. ಮಾತಿಲ್ಲ. ಆಟವೆಂದರೆ ಓಡಾಟವೆಂದು ತಿಳಿದವನು ಬೇಸರಗೊಂಡು ಹಿಂದಿರುಗಲೆಂದು ತಿರುಗುವ ಹೊತ್ತಿಗೆ, ದೂರದಲ್ಲಿ ನೀರಿನ ಮೇಲೆ ಕಪ್ಪನೆಯ ಗೆರೆಯೊಂದು ಏಳುತ್ತದೆ. ಕುಳಿತವರೆಲ್ಲ ಒಮ್ಮೆಲೇ ಬೋರಲಾಗಿ ಮಲಗಿ ಕೈಗಳಿಂದ ನೀರನ್ನು ತೋಡತೊಡಗುತ್ತಾರೆ. ಗೆರೆ ದಿಬ್ಬವಾಗುತ್ತದೆ, ದಿಬ್ಬ ಗೋಡೆಯಾಗುತ್ತದೆ. ಗೋಡೆಯ ನೆತ್ತಿ ಬೆಳ್ಳಗೆ ಬಿರಿಯುವ ಆ ಕ್ಷಣದಲ್ಲಿ ಒಬ್ಬಳು ಹಲಗೆಯ ಮೇಲೆ ಚಂಗನೆ ಎದ್ದು ನಿಲ್ಲುತ್ತಾಳೆ; ಇಳಿಜಾರಿನಲ್ಲಿ ಓರೆಯಾಗಿ ಜಾರುತ್ತಾಳೆ; ಬೆನ್ನ ಹಿಂದೆ ಗೋಡೆ ಕುಸಿಯುತ್ತಾ ಬರುತ್ತದೆ, ಅವಳು ಕುಸಿಯದ ಭಾಗವನ್ನು ಹಿಡಿದು ಮುಂದೆ ಮುಂದೆ ಸಾಗುತ್ತಾಳೆ. ಹತ್ತು ಸೆಕೆಂಡು ಇರಬಹುದು. ಅನಂತರ ನೊರೆ, ಮುಳುಗು, ಕೆಮ್ಮು. ಮತ್ತೆ ಕೈಯಿಂದ ನೀರು ತೋಡುತ್ತಾ ಆಚೆಗೆ ಪಯಣ. ಈ ಹತ್ತು ಸೆಕೆಂಡಿಗಾಗಿ ಬದುಕಿನ ಅರ್ಧ ಬೆಳಗುಗಳನ್ನು ಕಳೆದವರು ಆ ಊರಿನಲ್ಲಿ ಸಾವಿರಾರು ಮಂದಿ ಇದ್ದಾರೆ.

ಆ ಕಪ್ಪು ಗೆರೆ ಎಲ್ಲಿಂದ ಬಂದುದು? ದಡದಲ್ಲಿ ಬೀಸುವ ಗಾಳಿಯಿಂದ ಎಂದರೆ ತಪ್ಪು. ಬೇಸಗೆಯಲ್ಲಿ ಇಲ್ಲಿಗೆ ಮುಟ್ಟುವ ದೊಡ್ಡ ಅಲೆಗಳ ತವರು ಭೂಗೋಳದ ಇನ್ನೊಂದು ಪಾರ್ಶ್ವ. ನ್ಯೂಜಿಲೆಂಡಿಗೂ ಅಂಟಾರ್ಕ್ಟಿಕಾ ಹಿಮಖಂಡಕ್ಕೂ ನಡುವೆ ಚಳಿಗಾಲದ ಬಿರುಗಾಳಿ ಎದ್ದಾಗ, ಅದು ನೀರಿಗೆ ಕೊಟ್ಟ ಪೆಟ್ಟು ಅಲೆಯಾಗಿ ಹೊರಡುತ್ತದೆ. ಹತ್ತು ಸಾವಿರ ಕಿಲೋಮೀಟರಿನಷ್ಟು ದೂರವನ್ನು ಎಂಟು ಹತ್ತು ದಿನಗಳಲ್ಲಿ ಕ್ರಮಿಸಿ, ಭೂಮಧ್ಯರೇಖೆಯನ್ನು ದಾಟಿ, ಕ್ಯಾಲಿಫೋರ್ನಿಯಾದ ಮರಳಿಗೆ ಬಂದು ತಲೆಯೊಡೆದುಕೊಳ್ಳುತ್ತದೆ. ನೀರು ಪ್ರಯಾಣ ಮಾಡುವುದಿಲ್ಲ. ಗದ್ದೆಯ ಪೈರಿನ ಮೇಲೆ ಗಾಳಿ ಹಾಯ್ದಾಗ ತೆನೆಗಳು ಬಾಗಿ ಏಳುವಂತೆ ನೀರು ಇದ್ದಲ್ಲಿಯೇ ಬಾಗಿ ಏಳುತ್ತದೆ, ಬಾಗು ಮಾತ್ರ ಸಾಗುತ್ತದೆ. ಆಳವಾದ ಕಡಲಿನಲ್ಲಿ ಹಡಗಿನವನಿಗೂ ಗೊತ್ತಾಗದಷ್ಟು ಮೆಲ್ಲನೆಯ ಉಬ್ಬು ಅದು. ದಡದ ಬಳಿ ತಳ ಮೇಲೇರುತ್ತಾ ಬಂದಂತೆ ಅಲೆಯ ಕಾಲು ತಡವರಿಸುತ್ತದೆ, ತಲೆ ಮುಂದಕ್ಕೆ ಬರುತ್ತದೆ. ಐದಡಿಯ ಅಲೆ ಆರೇಳು ಅಡಿ ಆಳದ ನೀರಿಗೆ ಬಂದಾಗ ಮುಗ್ಗರಿಸಿ ಬೀಳುತ್ತದೆ. ಆ ಮುಗ್ಗರಿಕೆಯೇ ಆಟದ ಬಂಡವಾಳ. ಪಿಯರಿನ ಕಂಬಗಳ ಇಕ್ಕೆಲಗಳಲ್ಲಿ ಮರಳು ದಿಣ್ಣೆಗಟ್ಟುವುದರಿಂದ ಅಲೆಗಳು ಅಲ್ಲಿ ಚೊಕ್ಕಟವಾಗಿ ಒಡೆಯುತ್ತವೆ. ಜನ ಅಲ್ಲಿಯೇ ಮುತ್ತಿಕೊಳ್ಳುವುದಕ್ಕೆ ಅದೇ ಕಾರಣ.

ಈ ದೂರಪ್ರಯಾಣವನ್ನು ಅಳೆದು ತೋರಿಸಿದವನು ವಾಲ್ಟರ್ ಮಂಕ್ ಎಂಬ ವಿಜ್ಞಾನಿ. ವಿಯೆನ್ನಾದಲ್ಲಿ 1917ರಲ್ಲಿ ಹುಟ್ಟಿ, ಇದೇ ಕರಾವಳಿಯ ಲಾ ಹೋಯಾ ಎಂಬ ಊರಿನಲ್ಲಿ ನೆಲಸಿ, 2019ರಲ್ಲಿ 101 ವರ್ಷದ ತುಂಬುಬಾಳನ್ನು ಮುಗಿಸಿದವನು. 1963ರಲ್ಲಿ ಆತ ನ್ಯೂಜಿಲೆಂಡಿನಿಂದ ಅಲಾಸ್ಕದವರೆಗೆ ದ್ವೀಪದಿಂದ ದ್ವೀಪಕ್ಕೆ ಮಾಪಕಗಳನ್ನಿರಿಸಿ, ಒಂದು ಬಿರುಗಾಳಿಯ ಅಲೆಗಳನ್ನು ಇಡಿಯ ಮಹಾಸಾಗರದ ಉದ್ದಕ್ಕೂ ಹಿಂಬಾಲಿಸಿದ. ಅದಕ್ಕೂ ಮೊದಲೇ, ಮೆಕ್ಸಿಕೋದ ದ್ವೀಪವೊಂದರ ಬಳಿ ಅಳತೆ ಮಾಡಿದಾಗ, ಅಲ್ಲಿಗೆ ಬಂದ ಕೆಲವು ಅಲೆಗಳು ನಮ್ಮ ಹಿಂದೂ ಮಹಾಸಾಗರದ ದಕ್ಷಿಣ ತುದಿಯಲ್ಲಿ ಹುಟ್ಟಿದವು ಎಂದು ಆತ ಕಂಡುಕೊಂಡಿದ್ದ. ಗಡಿಯ ಗೊಡವೆಯಿಲ್ಲದ ಯಾತ್ರಿಕರು ಜಗತ್ತಿನಲ್ಲಿ ಇನ್ನೂ ಉಳಿದಿದ್ದಾರೆಂದರೆ ಅವರು ಈ ಅಲೆಗಳೇ ಇರಬೇಕು.

ಊರಿನ ಕಥೆಯೂ ಸ್ವಾರಸ್ಯವಿಲ್ಲದ್ದಲ್ಲ. 1901ರಲ್ಲಿ ಕೆಲವು ಭೂವ್ಯಾಪಾರಿಗಳು ಇದಕ್ಕೆ ಪೆಸಿಫಿಕ್ ಸಿಟಿ ಎಂದು ಹೆಸರಿಟ್ಟರು. ಪೂರ್ವ ತೀರದಲ್ಲಿ ಅಟ್ಲಾಂಟಿಕ್ ಸಿಟಿ ಎಂಬ ವಿಹಾರಧಾಮ ಹಣದ ಹೊಳೆ ಹರಿಸುತ್ತಿದ್ದಿತು. ಪಶ್ಚಿಮ ತೀರದಲ್ಲಿ ಅದಕ್ಕೊಂದು ಜೋಡಿ ಬೇಕೆಂಬುದು ಅವರ ಆಸೆ. ಆಸೆ ಕೈಗೂಡಲಿಲ್ಲ. ವಿದ್ಯುತ್ ರೈಲುಗಳ ಒಡೆಯ ಹೆನ್ರಿ ಹಂಟಿಂಗ್‌ಟನ್ ಎಂಬ ಶ್ರೀಮಂತನ ನೆರವು ಬಂದ ಮೇಲೆ, ಆತನ ಹೆಸರೇ ಊರಿಗಾಯಿತು. 1904ರ ಜುಲೈ 4ರಂದು ಮೊದಲ ರೈಲು ಬಂದಿತು. ಅದೇ ವರ್ಷ ಮರದ ಪಿಯರೂ ನಿಂತಿತು.

ಆದರೂ ನಿವೇಶನಗಳು ಮಾರಾಟವಾಗಲಿಲ್ಲ. ಆಗ ನಡೆದ ಒಂದು ಸಂಗತಿ ಪುಸ್ತಕಪ್ರಿಯರಿಗೆ ರುಚಿಸುವಂತಹುದು. ವಿಶ್ವಕೋಶವನ್ನು ಮಾರುತ್ತಿದ್ದ ಸಂಸ್ಥೆಯೊಂದು, ಊರಂಚಿನ ಕೆಲಸಕ್ಕೆ ಬಾರದ ದಿಬ್ಬ ಹಳ್ಳಗಳನ್ನು ಅಗ್ಗಕ್ಕೆ ಕೊಂಡು, ವಿಶ್ವಕೋಶದ ಸಂಪುಟಗಳನ್ನು ಕೊಂಡವರಿಗೆಲ್ಲ ಒಂದೊಂದು ತುಂಡು ನೆಲವನ್ನು ಉಚಿತವಾಗಿ ಹಂಚಿತು. ದೂರದ ಊರುಗಳಲ್ಲಿ ಕುಳಿತು ಗ್ರಂಥವನ್ನು ಕೊಂಡವರು ನೆಲವನ್ನು ನೋಡುವುದಕ್ಕೂ ಬರಲಿಲ್ಲ. 1920ರಲ್ಲಿ ಅದೇ ನೆಲದಡಿಯಲ್ಲಿ ಎಣ್ಣೆ ಚಿಮ್ಮಿತು! ಜ್ಞಾನವನ್ನು ಕೊಂಡವನ ಮನೆಗೆ ಲಕ್ಷ್ಮಿಯೂ ಬಂದುದು ಲೋಕದಲ್ಲಿ ಅಪರೂಪದ ಘಟನೆ. ಸರಸ್ವತಿಗೂ ಲಕ್ಷ್ಮಿಗೂ ಹೊಂದಿಕೆಯಿಲ್ಲವೆಂಬ ನಮ್ಮವರ ನಂಬಿಕೆಗೆ ಅಲ್ಲಿ ಒಂದು ಅಪವಾದ ದೊರೆಯಿತು. ಅನಂತರ ಎಷ್ಟೋ ದಶಕಗಳ ಕಾಲ ಮರಳ ದಂಡೆಯ ಹಿಂದೆ ಎಣ್ಣೆಬಾವಿಗಳ ಗೋಪುರಗಳು ಕಾಡಿನಂತೆ ನಿಂತಿದ್ದವು.

ಪಿಯರಿನ ಪಾಡು ಮಾತ್ರ ಕಷ್ಟದ್ದು. ಮರದ ಪಿಯರನ್ನು ಬಿರುಗಾಳಿ 1912ರಲ್ಲಿ ಮುರಿಯಿತು. 1914ರಲ್ಲಿ ಕಾಂಕ್ರೀಟಿನದು ಬಂದಿತು; 1939ರಲ್ಲಿ ಅದರ ತುದಿ ಕಡಲ ಪಾಲಾಯಿತು. 1983ರಲ್ಲಿ ಮತ್ತೆ, 1988ರಲ್ಲಿ ಮತ್ತೆ. ಈಗಿನದು 1992ರ ಜುಲೈಯಲ್ಲಿ ತೆರೆದುದು. ಕಡಲು ಕಿತ್ತುಕೊಂಡಂತೆಲ್ಲ ಊರಿನವರು ಕಟ್ಟುತ್ತಲೇ ಬಂದಿದ್ದಾರೆ.

1914ರ ಕಾಂಕ್ರೀಟು ಪಿಯರಿನ ಉದ್ಘಾಟನೆಯಂದು ನೆರೆದ ಜನರ ಮುಂದೆ ಅಲೆಯೇರಿ ತೋರಿಸಿದವನ ಹೆಸರು ಜಾರ್ಜ್ ಫ್ರೀತ್. ಈ ಕಥೆಯ ನಿಜವಾದ ನಾಯಕ ಇವನು. ಇವನ ವಿಷಯದಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳದೆ ಮುಂದುವರಿಯುವುದು ಅನ್ಯಾಯವಾಗುತ್ತದೆ.

ಅಲೆಯ ಮೇಲೆ ಹಲಗೆಯನ್ನೇರಿ ನಿಲ್ಲುವ ವಿದ್ಯೆ ಅಮೆರಿಕಾದವರದಲ್ಲ. ಅದು ಹವಾಯಿ ದ್ವೀಪಗಳದು. ಅಲ್ಲಿ ಅರಸರಿಗೂ ಆಳುಗಳಿಗೂ, ಗಂಡಸರಿಗೂ ಹೆಂಗಸರಿಗೂ ಪ್ರಿಯವಾಗಿದ್ದ ಆಟ. 1820ರಿಂದೀಚೆಗೆ ಪಾದ್ರಿಗಳು ಬಂದರು. ಅರೆಬೆತ್ತಲೆಯ ಈ ಆಟ ಸೋಮಾರಿಗಳದು, ಅಸಭ್ಯವಾದುದು ಎಂದರು. ಪಾದ್ರಿಗಳ ನಿಂದೆಗಿಂತ ಹೆಚ್ಚು ಕೇಡು ಮಾಡಿದುದು ಹೊರಗಿನಿಂದ ಬಂದ ರೋಗಗಳು. ದ್ವೀಪದ ಜನರೇ ಕಣ್ಣೆದುರು ಕರಗಿಹೋಗುತ್ತಿರುವಾಗ ಆಟವನ್ನಾಡುವವರು ಯಾರು? ಹತ್ತೊಂಬತ್ತನೆಯ ಶತಮಾನದ ಕೊನೆಗೆ ಅದು ಮೂಲೆ ಸೇರಿತ್ತು. 1885ರಲ್ಲಿ, ಕ್ಯಾಲಿಫೋರ್ನಿಯಾದ ಶಾಲೆಯೊಂದರಲ್ಲಿ ಓದುತ್ತಿದ್ದ ಹವಾಯಿಯ ಮೂವರು ರಾಜಕುಮಾರರು ಸಾಂಟಾ ಕ್ರೂಜ್ ಎಂಬಲ್ಲಿ ನದಿಯ ಅಳಿವೆಯ ಬಳಿ ಕೆಂಪುಮರದ ಹಲಗೆಗಳ ಮೇಲೆ ಅಲೆಯೇರಿದರು. ಅಮೆರಿಕಾದ ನೆಲಕ್ಕೆ ಈ ಆಟ ಕಾಲಿಟ್ಟುದು ಹೀಗೆ. ಆದರೆ ರಾಜಕುಮಾರರು ಶಾಲೆ ಮುಗಿಸಿ ಹೋದರು.

ಫ್ರೀತ್ ಹುಟ್ಟಿದುದು 1883ರಲ್ಲಿ, ಹೊನೊಲುಲುವಿನಲ್ಲಿ. ಬಿಳಿಯರ ರಕ್ತವೂ ಹವಾಯಿಯ ರಕ್ತವೂ ಕೂಡಿದ ಮೈ. ನಿಂತು ಅಲೆಯೇರುವ ಹಳೆಯ ವಿದ್ಯೆಯನ್ನು ಅವನು ಮತ್ತೆ ರೂಢಿಗೆ ತಂದವರಲ್ಲಿ ಒಬ್ಬ. 1907ರಲ್ಲಿ ಜ್ಯಾಕ್ ಲಂಡನ್ ಎಂಬ ಹೆಸರಾಂತ ಕಾದಂಬರಿಕಾರ ವೈಕಿಕೀ ತೀರದಲ್ಲಿ ಇವನನ್ನು ಕಂಡು ಬೆರಗಾಗಿ ಬರೆದ. ಅದೇ ವರ್ಷ ಫ್ರೀತ್ ಕ್ಯಾಲಿಫೋರ್ನಿಯಾಕ್ಕೆ ಬಂದ. ರೈಲಿನ ಒಡೆಯ ಹಂಟಿಂಗ್‌ಟನ್ ತನ್ನ ರೆಡಾಂಡೋ ಬೀಚಿಗೆ ಜನರನ್ನು ಸೆಳೆಯುವುದಕ್ಕಾಗಿ ಅವನನ್ನು ನೇಮಿಸಿಕೊಂಡ. 'ನೀರಿನ ಮೇಲೆ ನಡೆಯುವವನು' ಎಂದು ಪ್ರಚಾರ. ಜನ ರೈಲು ಹತ್ತಿ ಬಂದರು, ನೋಡಿದರು, ಕಡಲತಡಿಯ ನಿವೇಶನಗಳನ್ನು ಕೊಂಡರು. ಒಬ್ಬ ಬಡ ದ್ವೀಪವಾಸಿಯ ಅಂಗಾಲಿನ ಕೆಳಗೆ ಎಷ್ಟು ಜನರ ಐಶ್ವರ್ಯ ಬೆಳೆಯಿತೆಂಬುದನ್ನು ಲೆಕ್ಕ ಹಾಕಿದವರಿಲ್ಲ.

ಅವನು ಕೇವಲ ಪ್ರದರ್ಶನದ ಗೊಂಬೆಯಾಗಿ ಉಳಿಯಲಿಲ್ಲ. ಆ ಕಾಲದಲ್ಲಿ ಕಡಲಿಗೆ ಇಳಿದವರಲ್ಲಿ ಈಜು ಬಲ್ಲವರು ಕಡಿಮೆ, ಮುಳುಗುವವರು ಮುಳುಗುತ್ತಿದ್ದರು. ಫ್ರೀತ್ ಹುಡುಗರಿಗೆ ಈಜು ಕಲಿಸಿದ, ಜೀವರಕ್ಷಕರ ತಂಡಗಳನ್ನು ಕಟ್ಟಿದ. 1908ರ ಡಿಸೆಂಬರಿನಲ್ಲಿ ಸಾಂಟಾ ಮೋನಿಕಾ ಕೊಲ್ಲಿಯಲ್ಲಿ ಬಿರುಗಾಳಿಗೆ ಸಿಕ್ಕಿದ ಜಪಾನೀ ಬೆಸ್ತರ ದೋಣಿಗಳತ್ತ, ಕೊರೆಯುವ ನೀರಿನಲ್ಲಿ ಮತ್ತೆ ಮತ್ತೆ ಈಜಿಹೋಗಿ, ಏಳು ಜನರನ್ನು ಉಳಿಸಿದ. ಅಮೆರಿಕಾ ಸರ್ಕಾರದ ಜೀವರಕ್ಷಣೆಯ ಸ್ವರ್ಣಪದಕ ಅವನಿಗೆ ಬಂದಿತು. ಪದಕ ಹೊಟ್ಟೆ ತುಂಬಿಸುವುದಿಲ್ಲ. ಅವನು ಊರಿಂದೂರಿಗೆ ಈಜುಗಾರ ಗುರುವಾಗಿ ಅಲೆದ. 1919ರ ಏಪ್ರಿಲಿನಲ್ಲಿ, ಜಗತ್ತನ್ನೇ ಬಾಚಿಕೊಂಡ ಇನ್‌ಫ್ಲುಯೆಂಜಾ ಜ್ವರ ಅವನನ್ನೂ ಸಾನ್ ಡಿಯೇಗೋದಲ್ಲಿ ಕೊಂಡೊಯ್ದಿತು. ವಯಸ್ಸು 35. ನೀರು ಏನೂ ಮಾಡಲಾರದವನನ್ನು ಗಾಳಿಯ ರೋಗ ಕೊಂದಿತು.

ಅವನ ನಂತರ ಬಂದವನು ಡ್ಯೂಕ್ ಕಹನಮೋಕು. ಒಲಿಂಪಿಕ್ ಈಜಿನಲ್ಲಿ 1912ರಲ್ಲಿಯೂ 1920ರಲ್ಲಿಯೂ ಚಿನ್ನ ಗೆದ್ದ ಹವಾಯಿಯ ವೀರ. 1925ರ ಜೂನ್ 14ರಂದು ಹಂಟಿಂಗ್‌ಟನ್ ಬೀಚಿನ ನೆರೆಯ ನ್ಯೂಪೋರ್ಟ್ ಬಂದರಿನ ಬಾಯಲ್ಲಿ, 29 ಜನರಿದ್ದ ಮೀನುಗಾರಿಕೆಯ ದೋಣಿಯೊಂದು ಅಲೆಗೆ ಸಿಕ್ಕಿ ಮಗುಚಿತು. ದಡದಲ್ಲಿದ್ದ ಡ್ಯೂಕ್ ತನ್ನ ಹಲಗೆಯೊಂದಿಗೆ ನುಗ್ಗಿ ಎಂಟು ಜನರನ್ನು ಎಳೆತಂದ. ಅವನ ಗೆಳೆಯರು ನಾಲ್ವರನ್ನು ಉಳಿಸಿದರು. ಹದಿನೇಳು ಜನ ಮಡಿದರು. ಆಟದ ಹಲಗೆ ಪ್ರಾಣವನ್ನೂ ಉಳಿಸಬಲ್ಲುದೆಂದು ಅಂದು ಎಲ್ಲರಿಗೂ ತಿಳಿಯಿತು. ಕಡಲ ಕಾವಲಿನವರ ಕೈಗೆ ಹಲಗೆ ಬಂದುದು ಅನಂತರವೇ. ಈ ಆಟವೂ ಒಲಿಂಪಿಕ್ಕಿನಲ್ಲಿ ಸೇರಬೇಕೆಂಬುದು ಡ್ಯೂಕನ ಬಯಕೆಯಾಗಿತ್ತು. 1968ರಲ್ಲಿ ಅವನು ತೀರಿಕೊಂಡ. ಅವನ ಬಯಕೆ ಈಡೇರಿದುದು 2021ರಲ್ಲಿ ನಡೆದ ಟೋಕಿಯೋ ಕೂಟದಲ್ಲಿ. ಹೆಂಗಸರ ಮೊದಲ ಚಿನ್ನವನ್ನು ಗೆದ್ದವಳು ಕರಿಸ್ಸಾ ಮೂರ್, ಹೊನೊಲುಲುವಿನವಳು.

ಹಲಗೆಯ ಕಥೆಯನ್ನು ಬೇಗನೆ ಮುಗಿಸಬಹುದು. ಮೊದಲು ಒಬ್ಬನಿಂದ ಹೊರಲಾರದಷ್ಟು ಭಾರದ ಕೆಂಪುಮರ. ಆಮೇಲೆ ಹಗುರವಾದ ಬಾಲ್ಸಾ ಮರ. 1958ರ ಸುಮಾರಿಗೆ ಇದೇ ಪ್ರಾಂತದಲ್ಲಿ ಹೋಬಿ ಆಲ್ಟರ್, ಗಾರ್ಡನ್ ಕ್ಲಾರ್ಕ್ ಎಂಬಿಬ್ಬರು ರೂಢಿಗೆ ತಂದ ಪ್ಲಾಸ್ಟಿಕ್ ನೊರೆಯ ಹಲಗೆ. ಕೈಗೂಸಿನ ತಾಯಿಯೂ ಹೊರಬಲ್ಲ ಆ ಹಲಗೆ ಬಂದ ಮೇಲೆ ಆಟ ಊರಿಗೆಲ್ಲ ಹಬ್ಬಿತು. ಚಳಿಯನ್ನು ತಡೆಯುವ ರಬ್ಬರಿನ ಉಡುಪನ್ನು ಜನರಿಗೆ ತಲುಪಿಸಿದವರಲ್ಲಿ ಜ್ಯಾಕ್ ಓನೀಲ್ ಮುಖ್ಯನು. ಹಲಗೆ ಕೈತಪ್ಪಿ ಹೋಗದಂತೆ ಕಾಲಿಗೆ ಕಟ್ಟುವ ಹಗ್ಗ 1971ರ ಹೊತ್ತಿಗೆ ಬಂದಿತು. ಅದು ಮೊದಮೊದಲು ರಬ್ಬರಿನ ನಳಿಕೆ; ಎಳೆದು ಬಿಟ್ಟಂತೆ ಹಲಗೆ ಚಿಮ್ಮಿ ಬಂದು ಬಡಿದು ಓನೀಲನ ಎಡಗಣ್ಣನ್ನೇ ತೆಗೆಯಿತು. ಆತ ಕರಿಯ ಕಣ್ಣುಪಟ್ಟಿಯನ್ನು ಕಟ್ಟಿಕೊಂಡು ಬಹುಕಾಲ ಬಾಳಿದ.

ಹಲಗೆ ಅಗ್ಗವಾಯಿತು, ಜನ ಹೆಚ್ಚಿದರು. ಅಲೆಗಳು ಮಾತ್ರ ಹೆಚ್ಚಲಿಲ್ಲ. ಇಲ್ಲಿಂದ ಮುಂದೆ ಜಗಳ ಆರಂಭ.

ಪಿಯರಿನ ಪಕ್ಕದಲ್ಲಿ ರಜೆಯ ದಿನ ನೂರು ಜನ ಕಾಯುತ್ತಿರುತ್ತಾರೆ. ಒಂದು ಅಲೆಯ ಮೇಲೆ ಒಬ್ಬನಿಗೆ ಮಾತ್ರ ಎಡೆ. ಹಾಗಾದರೆ ಅಲೆ ಯಾರದು? ಎಲ್ಲಿಯೂ ಕಾನೂನಾಗಿ ಬರೆದಿರದ, ಆದರೆ ಎಲ್ಲರೂ ಬಲ್ಲ ಕಟ್ಟಳೆಯೊಂದು ಅಲ್ಲಿ ನಡೆಯುತ್ತದೆ. ಅಲೆ ಮೊದಲು ಒಡೆಯುವ ತಾಣಕ್ಕೆ ಯಾರು ಅತಿ ಸಮೀಪವೋ ಅಲೆ ಅವರದು. ಅವರು ಎದ್ದು ನಿಂತ ಮೇಲೆ ಮತ್ತೊಬ್ಬನು ಅವರ ಮುಂದೆ ಇಳಿಯಬಾರದು. ಆಚೆಗೆ ಹೋಗುವವನು ಸವಾರನ ದಾರಿಯನ್ನು ಸುತ್ತಿ ಹೋಗಬೇಕು. ಹಲಗೆಯನ್ನು ಎಸೆದು ಮುಳುಗಬಾರದು. ತಪ್ಪು ಮಾಡಿದವನು ಕೈಯೆತ್ತಿ ಕ್ಷಮೆ ಕೇಳಬೇಕು. ಇಷ್ಟೇ. ನಮ್ಮ ಬಾವಿಕಟ್ಟೆಗಳಲ್ಲಿ ಕೊಡಗಳ ಸಾಲು ನಿಂತಾಗ ನಡೆಯುವ ನ್ಯಾಯವನ್ನು ಬಲ್ಲವರಿಗೆ ಇದು ಅರ್ಥವಾಗದೆ ಇರದು. ಬಾವಿಕಟ್ಟೆಯಲ್ಲಿರುವಂತೆ ಅಲ್ಲಿಯೂ ಬಲವಂತರುಂಟು, ಜೋರುಬಾಯಿಯವರುಂಟು, ಹೊಸಬರನ್ನು ಗದರಿಸಿ ಓಡಿಸುವ ಹಳಬರೂ ಉಂಟು. ಆದರೂ ಹತ್ತರಲ್ಲಿ ಒಂಬತ್ತು ಸಲ ಪೋಲೀಸರಿಲ್ಲದೆ, ನ್ಯಾಯಾಲಯವಿಲ್ಲದೆ ಸರದಿ ನಡೆದುಹೋಗುತ್ತದೆ.

ಬೇಸಗೆಯ ನಡುಹಗಲಿನಲ್ಲಿ, ಈಜುವ ಸಂಸಾರಗಳು ನೀರನ್ನು ತುಂಬಿಕೊಂಡಾಗ, ಕಾವಲುಗೋಪುರದ ಮೇಲೆ ಹಳದಿ ಬಾವುಟವೊಂದು ಏರುತ್ತದೆ. ನಡುವೆ ಕರಿಯ ಬೊಟ್ಟು. ಅದನ್ನು ಕಂಡೊಡನೆ ಗಡುಸಾದ ಹಲಗೆಗಳೆಲ್ಲ ದಡ ಸೇರಬೇಕು. ಮೊನೆಯುಳ್ಳ ಹಲಗೆ ಮಗುವಿನ ತಲೆಗೆ ಬಡಿದರೆ ಗತಿಯೇನು? ಎಷ್ಟು ಹೆಸರಾಂತ ಆಟಗಾರನಾದರೂ ಆ ಬಾವುಟಕ್ಕೆ ತಲೆಬಾಗಬೇಕು. ಈಜುವವರಿಗೆ ದೊಡ್ಡ ಶತ್ರು ಅಲೆಯಲ್ಲ. ದಡಕ್ಕೆ ಬಂದ ನೀರು ಒಂದೇ ಕಾಲುವೆಯಾಗಿ ಹಿಂದಕ್ಕೆ ಹರಿಯುವ ಸೆಳವು. ಅದಕ್ಕೆ ಎದುರಾಗಿ ಈಜಿದವನು ಬಳಲಿ ಮುಳುಗುತ್ತಾನೆ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಸೆಳವಿನಿಂದ ಹೊರಬಿದ್ದು, ಆಮೇಲೆ ದಡದತ್ತ ತಿರುಗಬೇಕೆಂದು ಅಲ್ಲಿಯ ಕಾವಲಿನವರು ಮಕ್ಕಳಿಗೂ ಪಾಠ ಹೇಳುತ್ತಾರೆ. ಮಲ್ಪೆ, ಪಣಂಬೂರು, ಗೋಕರ್ಣಗಳ ಕಡಲಿಗೆ ಇಳಿಯುವ ನಮ್ಮವರೂ ತಿಳಿದಿರಬೇಕಾದ ಮಾತು ಇದು. ಮೂಲ್ಕಿ, ಸಸಿಹಿತ್ಲುಗಳಲ್ಲಿ ಈಗ ನಮ್ಮ ಹುಡುಗರೂ ಹಲಗೆಯೇರತೊಡಗಿದ್ದಾರೆ; ರಾಷ್ಟ್ರಮಟ್ಟದ ಸ್ಪರ್ಧೆಗಳೂ ಅಲ್ಲಿ ನಡೆದಿವೆ.

ಸ್ಪರ್ಧೆಗಳ ಮಾತು ಬಂದುದರಿಂದ ಒಂದೆರಡು ಸಂಗತಿಗಳು. ಹಂಟಿಂಗ್‌ಟನ್ ಬೀಚಿನಲ್ಲಿ 1959ರಿಂದ ದೊಡ್ಡ ಪಂದ್ಯಗಳು ನಡೆಯುತ್ತ ಬಂದಿವೆ. ಬೇಸಗೆಯ ಕೊನೆಯ ಪಂದ್ಯಗಳಿಗೆ ಲಕ್ಷಗಟ್ಟಲೆ ಜನ. ಜಾತ್ರೆಯೆಂದ ಮೇಲೆ ತೇರೂ ಉಂಟು, ಗಲಭೆಯೂ ಉಂಟು. 1986ರಲ್ಲಿ ಪೋಲೀಸರ ವಾಹನಗಳು ಸುಟ್ಟವು, 2013ರಲ್ಲಿ ಅಂಗಡಿಗಳ ಗಾಜು ಒಡೆದವು. 2015ರಲ್ಲಿ 42 ಅಡಿ ಉದ್ದದ ಹಲಗೆಯೊಂದರ ಮೇಲೆ 66 ಜನ ಒಟ್ಟಿಗೆ ನಿಂತು ದಾಖಲೆ ಮಾಡಿದರು. ಒಂದು ಅಲೆಗೆ ಒಬ್ಬನೇ ಎಂಬ ಕಟ್ಟಳೆಗೆ ಅಂದು ರಜೆಯಿದ್ದಿರಬೇಕು. 1963ರಲ್ಲಿ 'ಸರ್ಫ್ ಸಿಟಿ' ಎಂಬ ಹಾಡು ಅಮೆರಿಕಾದಲ್ಲೆಲ್ಲ ಮೊಳಗಿತು. ಹಾಡಿನಲ್ಲಿ ಯಾವ ಊರಿನ ಹೆಸರೂ ಇಲ್ಲ. ಆದರೂ ಆ ಬಿರುದು ನಮ್ಮದೆಂದು ಹಂಟಿಂಗ್‌ಟನ್ ಬೀಚ್ ನೋಂದಾಯಿಸಿಕೊಂಡಿತು; ರಾಜಕುಮಾರರು ಮೊದಲು ಅಲೆಯೇರಿದ ಊರು ನಮ್ಮದೆಂದು ಸಾಂಟಾ ಕ್ರೂಜ್ ಸಿಡಿದೆದ್ದಿತು. ವ್ಯಾಜ್ಯ ನ್ಯಾಯಾಲಯಕ್ಕೆ ಹೋಗಿ 2008ರಲ್ಲಿ ರಾಜಿಯಾಯಿತು. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಕಿನ ಅಲೆಯಾಟಕ್ಕೆ ಈ ಎರಡೂ ಊರುಗಳನ್ನು ಬಿಟ್ಟು ಸಾನ್ ಕ್ಲೆಮೆಂಟಿಯ ಬಳಿಯ ಟ್ರೆಸಲ್ಸ್ ಎಂಬ ತಾಣವನ್ನು ಆರಿಸಿದ್ದಾರೆ! ಹವಾಯಿಯವರು ಈ ಜಗಳವನ್ನು ಕೇಳಿ ನಕ್ಕಿರಲೂಬಹುದು.

ಅಲೆಯ ಸರದಿಗಿಂತ ಕಠಿಣವಾದುದು ಮರಳಿನ ಸರದಿ. ಇದೇ ಹಂಟಿಂಗ್‌ಟನ್ ಬೀಚಿನಲ್ಲಿ, ಪಿಯರಿನಿಂದ ತುಸು ದೂರದಲ್ಲಿ, ಕರಿಯ ಜನರಿಗಾಗಿ ಪೆಸಿಫಿಕ್ ಬೀಚ್ ಕ್ಲಬ್ ಎಂಬ ವಿಹಾರಸ್ಥಾನವೊಂದು 1925ರಲ್ಲಿ ಏಳತೊಡಗಿತು. ಬಿಳಿಯರ ದಂಡೆಗಳಲ್ಲಿ ಅವರಿಗೆ ಪ್ರವೇಶವಿರಲಿಲ್ಲ. ನರ್ತನಶಾಲೆ, ಸ್ನಾನಗೃಹ, ಭೋಜನಶಾಲೆಗಳು ಸಿದ್ಧವಾದವು. ಗುಲಾಮರನ್ನು ಬಿಡಿಸಿದ ಲಿಂಕನ್ನನ ಜನ್ಮದಿನವಾದ ಫೆಬ್ರವರಿ 12ರಂದು, 1926ರಲ್ಲಿ, ಬಾಗಿಲು ತೆರೆಯಬೇಕಾಗಿತ್ತು. ಜನವರಿ 21ರಂದು ಬೆಂಕಿ ಬಿದ್ದು ಎಲ್ಲವೂ ಬೂದಿಯಾಯಿತು. ಯಾರಿಗೂ ಶಿಕ್ಷೆಯಾಗಲಿಲ್ಲ. ಕ್ಲಬ್ಬು ಮತ್ತೆ ಏಳಲಿಲ್ಲ. ಇಂದು ಅಲ್ಲಿ ಬಿಸಿಲು ಕಾಯುವವರಲ್ಲಿ ಇದನ್ನು ಬಲ್ಲವರು ಕೆಲವರೇ.

ಉತ್ತರಕ್ಕೆ ಮ್ಯಾನ್‌ಹಟನ್ ಬೀಚಿನಲ್ಲಿ ಬ್ರೂಸ್ ದಂಪತಿಗಳೆಂಬ ಕರಿಯರು 1912ರಲ್ಲಿ ಕಡಲತಡಿಯ ನೆಲವನ್ನು ಕೊಂಡು ತಮ್ಮವರಿಗಾಗಿ ವಸತಿಗೃಹವನ್ನು ನಡೆಸುತ್ತಿದ್ದರು. ಉದ್ಯಾನಕ್ಕೆ ಬೇಕೆಂಬ ನೆಪದಿಂದ ಊರಿನ ಆಡಳಿತ 1924ರಲ್ಲಿ ಆ ನೆಲವನ್ನು ಸ್ವಾಧೀನಕ್ಕೆ ತೆಗೆದುಕೊಂಡಿತು. ಉದ್ಯಾನವೋ ದಶಕಗಳ ಕಾಲ ಏಳಲೇ ಇಲ್ಲ. 2022ರಲ್ಲಿ ಆ ನೆಲವನ್ನು ಅವರ ವಂಶದವರಿಗೆ ಮರಳಿ ಕೊಡಲಾಯಿತು. ಮರುವರ್ಷ ಅವರು ಅದನ್ನು ಸುಮಾರು 2 ಕೋಟಿ ಡಾಲರಿಗೆ ಜಿಲ್ಲಾಡಳಿತಕ್ಕೇ ಮಾರಿದರು. ನ್ಯಾಯ ಬಂದಿತು, ನಿಜ. ಬರುವುದಕ್ಕೆ 98 ವರ್ಷ ಹಿಡಿಯಿತು.

ನಿಕ್ ಗಬಾಲ್ಡನ್ ಎಂಬ ತರುಣನಿಗೆ ಅಷ್ಟು ಕಾಲ ಕಾಯುವ ವ್ಯವಧಾನವಿರಲಿಲ್ಲ. ಸಾಂಟಾ ಮೋನಿಕಾದಲ್ಲಿ ಬೆಳೆದವನು, ಕರಿಯರ ರಕ್ತವೂ ಮೆಕ್ಸಿಕೋದವರ ರಕ್ತವೂ ಮೈಯಲ್ಲಿದ್ದವನು. ಮಾಲಿಬೂವಿನ ಒಳ್ಳೆಯ ಅಲೆಗಳಿಗೆ ಅವನು 12 ಮೈಲಿ ದೂರ ಹಲಗೆಯ ಮೇಲೆ ಮಲಗಿ ಕೈಯಿಂದ ಹುಟ್ಟು ಹಾಕುತ್ತಾ ಸಮುದ್ರದ ದಾರಿಯಲ್ಲಿಯೇ ಹೋಗುತ್ತಿದ್ದ. ಅಲ್ಲಿ ಆಡಿ, ಮತ್ತೆ 12 ಮೈಲಿ ಹಿಂದಿರುಗುತ್ತಿದ್ದ. 1951ರ ಜೂನಿನಲ್ಲಿ ಒಂದು ದೊಡ್ಡ ಅಲೆಯ ಮೇಲೆ ಮಾಲಿಬೂ ಪಿಯರಿನ ಕಂಬಗಳಿಗೆ ಬಡಿದು ತೀರಿಕೊಂಡ. ಇಪ್ಪತ್ತನಾಲ್ಕು ವರ್ಷ.

1976ರ ಕರಾವಳಿ ಶಾಸನ ಕ್ಯಾಲಿಫೋರ್ನಿಯಾದ ಕಡಲಂಚಿಗೆ ಎಲ್ಲರ ಪ್ರವೇಶವನ್ನೂ ಕಾಯುತ್ತದೆ. ಭರತದ ಗೆರೆಯ ಕೆಳಗಿನ ಒದ್ದೆ ಮರಳು ಎಷ್ಟೇ ದೊಡ್ಡ ಧನಿಕನ ಮನೆಯ ಮುಂದಿದ್ದರೂ ಸಾರ್ವಜನಿಕರದು. ಧನಿಕರು ಬೇಲಿ ಹಾಕುವುದೂ, ಅಧಿಕಾರಿಗಳು ಕೀಳಿಸುವುದೂ ಇನ್ನೂ ನಡೆದೇ ಇದೆ.

ಸಂಜೆಯಾದಂತೆ ಹಂಟಿಂಗ್‌ಟನ್ ಬೀಚಿನ ಮರಳಿನಲ್ಲಿ ಕಾಂಕ್ರೀಟಿನ ಬಳೆಗಳೊಳಗೆ ಸೌದೆಯ ಬೆಂಕಿ ಹೊತ್ತಿಕೊಳ್ಳುತ್ತದೆ. ಮೆಕ್ಸಿಕೋದ ಸಂಸಾರ, ವಿಯೆಟ್ನಾಮಿನ ಸಂಸಾರ, ನಡುನಡುವೆ ಸೀರೆಯ ಸೆರಗೊಂದೂ ಗಾಳಿಗೆ ಹಾರುವುದುಂಟು. ಹೊಗೆಯಿಂದ ಗಾಳಿ ಕೆಡುತ್ತದೆಂದು 2013ರಲ್ಲಿ ಈ ಬೆಂಕಿಗಳನ್ನು ನಿಲ್ಲಿಸುವ ಮಾತು ಬಂದಾಗ ಊರಿನವರು ಒಪ್ಪಲಿಲ್ಲ. ದಂಡೆಯ ಮನೆಗೆ ಬಾಡಿಗೆ ತೆರಲಾರದವನಿಗೆ ಕಡಲಿನೆದುರಿನ ಭೋಜನಶಾಲೆ ಅದೊಂದೇ ತಾನೆ?

ಕತ್ತಲಾದ ಮೇಲೆ ದೂರದ ನೀರಿನಲ್ಲಿ ದೀಪಗಳು ಕಾಣುತ್ತವೆ. ಹೊಸಬನು ಹಡಗುಗಳೆಂದು ತಿಳಿಯುತ್ತಾನೆ. ಅವು ಎಣ್ಣೆ ತೆಗೆಯುವ ಕಬ್ಬಿಣದ ಅಟ್ಟಣೆಗಳು. 1990ರ ಫೆಬ್ರವರಿಯಲ್ಲಿ ಇದೇ ತೀರದಲ್ಲಿ ಎಣ್ಣೆಹಡಗೊಂದು ತನ್ನ ಲಂಗರಿನಿಂದಲೇ ತನ್ನ ಹೊಟ್ಟೆಯನ್ನು ಇರಿದುಕೊಂಡು 4 ಲಕ್ಷ ಗ್ಯಾಲನ್ನಿಗೂ ಹೆಚ್ಚು ಎಣ್ಣೆಯನ್ನು ಚೆಲ್ಲಿತು. ರೆಕ್ಕೆ ಜಡ್ಡುಗಟ್ಟಿ ಸಾವಿರಾರು ಹಕ್ಕಿಗಳು ಸತ್ತವು. 2021ರ ಅಕ್ಟೋಬರಿನಲ್ಲಿ ಕಡಲಡಿಯ ಕೊಳವೆ ಒಡೆದು ಮತ್ತೆ ಸುಮಾರು 25 ಸಾವಿರ ಗ್ಯಾಲನ್. ಅಂದಿಗೂ ಕಾರಣ ಹಡಗುಗಳ ಲಂಗರು ಎಳೆದುದೇ ಎಂದು ತನಿಖೆಯಿಂದ ತಿಳಿಯಿತು. ಒಂದು ವಾರಕ್ಕೂ ಮಿಗಿಲಾಗಿ ನೀರಿಗೆ ಇಳಿಯುವುದು ನಿಷಿದ್ಧವಾಗಿತ್ತು. ಅಲೆಗಳು ಎಂದಿನಂತೆ ಬಂದವು, ಚೊಕ್ಕಟವಾಗಿ ಒಡೆದವು, ಏರುವವರಿರಲಿಲ್ಲ. ಪಿಯರಿನ ಕಂಬಿಗೆ ಒರಗಿ ಜನ ಸುಮ್ಮನೆ ನೋಡುತ್ತಿದ್ದರು.

ಬೇರೆ ದಿನಗಳಲ್ಲಿ ಹಾಗಲ್ಲ. ಕಾವಲುಗೋಪುರದ ಕಿಟಕಿ ಮುಚ್ಚಿದ ಮೇಲೂ, ಪಿಯರಿನ ದೀಪಗಳು ಹೊತ್ತಿಕೊಂಡ ಮೇಲೂ, ನೀರಿನಲ್ಲಿ ಐದಾರು ಕರಿಯ ಚುಕ್ಕೆಗಳು ಉಳಿದಿರುತ್ತವೆ. ದಡದಲ್ಲಿ ಟವೆಲನ್ನು ಹಿಡಿದ ತಾಯಿಯೊಬ್ಬಳು ಕೈಬೀಸಿ ಕರೆಯುತ್ತಾಳೆ. ನೀರಿನಲ್ಲಿದ್ದ ಹುಡುಗಿ ಒಂದು ಬೆರಳನ್ನು ಎತ್ತಿ ತೋರಿಸುತ್ತಾಳೆ: ಇನ್ನೊಂದೇ ಅಲೆ. ಅದು ಅವಳ ಮೂರನೆಯ 'ಇನ್ನೊಂದೇ'. ತಾಯಿ ಟವೆಲನ್ನು ಹೆಗಲ ಮೇಲೆ ಹಾಕಿಕೊಂಡು ಮರಳಿನ ಮೇಲೆ ಕುಳಿತುಕೊಳ್ಳುತ್ತಾಳೆ.